ಪಾಗಾರದ ಬದಿಯ ಪಾತಿಗೆ ಯಾವ ಗೆಡ್ಡೆ, ಯಾವ ಗಿಡ? ಅನುಭವ ಇದ್ದವರು ಹೇಳಿ

ಪಾಗಾರದ ಬದಿ, ಬಿಜೈ

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬಿಜೈಯಲ್ಲಿ ನಮ್ಮದು ಹಳೇ ಹೆಂಚಿನ ಮನೆ. ಗೇಟಿನಿಂದ ಜಗಲಿಯವರೆಗೆ ಪಾಗಾರದ (ಕಂಪೌಂಡ್ ಗೋಡೆಯ) ಬದಿಯಲ್ಲಿ 40 ಅಡಿ ಉದ್ದ, 3 ಅಡಿ ಅಗಲದ ಜಾಗ ಖಾಲಿ ಬಿದ್ದಿದೆ. ಮೊದಲ 25 ಅಡಿಗೆ ಬೆಳಗ್ಗಿನಿಂದ ಮಧ್ಯಾಹ್ನ ಎರಡು ಗಂಟೆಯವರೆಗೆ ಬಿಸಿಲು. ಉಳಿದ 15 ಅಡಿ ಹಲಸಿನ ಮರದ ನೆರಳು. ಮಣ್ಣು ಮುರ, ಅಂದರೆ ಕೆಂಪುಕಲ್ಲಿನ ನೆಲ. ನಾಲ್ಕು ಇಂಚು ಅಗೆದರೆ ಗುದ್ದಲಿ ಟಣ್ ಅನ್ನುತ್ತದೆ. ಏಪ್ರಿಲ್ ಹೊತ್ತಿಗೆ ಬಾವಿಯ ತಳ ಕಾಣುತ್ತದೆ, ಹಾಗಾಗಿ ದಿನಾ ನೀರು ಹಾಕುವುದು ಆಗದ ಮಾತು.

ನಾನು ಆರು ವರ್ಷ ಇಂಗ್ಲೆಂಡಿನಲ್ಲಿದ್ದೆ. ಅಲ್ಲಿ ಚಳಿ ಮುಗಿಯುವಾಗ ಮನೆಮನೆಯ ಮುಂದೆ ಸ್ನೋಡ್ರಾಪ್, ಕ್ರೋಕಸ್, ಡ್ಯಾಫೊಡಿಲ್, ಟ್ಯುಲಿಪ್ ಒಂದರ ಹಿಂದೆ ಒಂದು ಏಳುತ್ತವೆ. ಅವುಗಳ ಎಲೆ ಬಾಡುವ ಹೊತ್ತಿಗೆ ಪಕ್ಕದ ಗಿಡಗಳು ಬೆಳೆದು ಆ ಜಾಗ ಮುಚ್ಚುತ್ತವೆ. ಇಲ್ಲಿಯೂ ಅಂಥದ್ದೊಂದು ಪಾತಿ ಮಾಡುವ ಆಸೆ. ಕಳೆದ ವರ್ಷ ಆನ್‌ಲೈನಿನಲ್ಲಿ 20 ಟ್ಯುಲಿಪ್ ಗೆಡ್ಡೆ ತರಿಸಿ ನವೆಂಬರಿನಲ್ಲಿ ನೆಟ್ಟೆ. ಮೂರರಲ್ಲಿ ಎಲೆ ಬಂತು. ಉಳಿದವು ಕೊಳೆತು ನಾರಿದವು. "ನೀರುಳ್ಳಿ ನೆಟ್ಟಿದ್ರೆ ಸಾಂಬಾರಿಗಾದ್ರೂ ಆಗ್ತಿತ್ತು" ಅಂದರು ನಮ್ಮ ಅತ್ತೆ.

ನಮ್ಮ ಹವೆಗೆ ಒಗ್ಗುವ ಗೆಡ್ಡೆ ಯಾವುದು? ಅವುಗಳ ಜೊತೆ ವರ್ಷಗಟ್ಟಲೆ ನಿಲ್ಲುವ ಯಾವ ಗಿಡ ಜೋಡಿಸಬಹುದು? ಓದಿದ್ದಲ್ಲ, ನೀವೇ ನೆಟ್ಟು ನೋಡಿದ್ದನ್ನು ಹೇಳಿ ದಯವಿಟ್ಟು.

ಮುರಕಲ್ಲು, ಮಣಿಪಾಲ

ಟ್ಯುಲಿಪ್ ದುಡ್ಡು ಕಳಕೊಂಡವರಲ್ಲಿ ನೀವು ಮೊದಲಿನವರಲ್ಲ ಮೇಡಂ, ನಾನೂ ಒಬ್ಬ. ಆ ಗೆಡ್ಡೆಯೊಳಗೆ ಹೂವಿನ ಮೊಗ್ಗು ಮೊದಲೇ ತಯಾರಾಗಿ ಕೂತಿರುತ್ತದೆ. ಆದರೆ ದಂಟು ಉದ್ದ ಬರಬೇಕಾದರೆ 12ರಿಂದ 16 ವಾರ ಒಳ್ಳೆ ಚಳಿ ಬೇಕು, ಸುಮಾರು 9 ಡಿಗ್ರಿಗಿಂತ ಕೆಳಗೆ. ನಮ್ಮಲ್ಲಿ ಜನವರಿಯ ಬೆಳಗ್ಗೆಯೂ 20ರ ಆಚೆಈಚೆ. ಶ್ರೀನಗರದಲ್ಲಿ ಮಾರ್ಚ್ ಕೊನೆ, ಏಪ್ರಿಲಿನಲ್ಲಿ ಅದು ತಾನಾಗಿ ಅರಳುತ್ತದೆ, ಯಾಕೆಂದರೆ ಚಳಿಗಾಲವಿಡೀ ನೆಲದಡಿ ತಣ್ಣಗಿತ್ತು. ದೆಹಲಿಯಲ್ಲಿ ಫೆಬ್ರವರಿಗೆ ಕಾಣುವ ಟ್ಯುಲಿಪ್‌ಗಳು ಹೆಚ್ಚಾಗಿ ಹಾಲೆಂಡಿನಿಂದ ಬಂದ ಗೆಡ್ಡೆಗಳು. ಮುಂದಿನ ವರ್ಷಕ್ಕೆ ಹೆಚ್ಚಾಗಿ ಪುನಃ ಹೊಸತೇ ತರಬೇಕು.

ಫ್ರಿಜ್ಜಿನಲ್ಲಿಟ್ಟು ನೆಡಬಹುದು ಅಂತ ಯಾರಾದರೂ ಹೇಳಿಯಾರು. ನಾನು ಮಾಡಿದ್ದೇನೆ. ತರಕಾರಿ ಡಬ್ಬದಲ್ಲಿ ಮೂರೂವರೆ ತಿಂಗಳು. ಜೊತೆಗೆ ಬಾಳೆಹಣ್ಣು, ಸೇಬು ಇಡುವ ಹಾಗಿಲ್ಲ, ಹಣ್ಣಿನಿಂದ ಬರುವ ಅನಿಲಕ್ಕೆ ಒಳಗಿನ ಮೊಗ್ಗು ಸಾಯುತ್ತದೆ. ಕೊನೆಗೆ ಚಟ್ಟಿಯಲ್ಲಿ ಐದು ಹೂ ಬಂತು, ಗೇಣುದ್ದ ದಂಟು, ನಾಲ್ಕು ದಿನಕ್ಕೆ ದಳ ಉದುರಿತು. ಮಕ್ಕಳಿಗೆ ತೋರಿಸಲು ಒಂದು ಸಲ ಮಾಡಿ. ಪಾತಿಗೆ ಬೇಡ.

ಈಗ ನನ್ನ ಲೆಕ್ಕ ಹೇಳುತ್ತೇನೆ. ಇಂಗ್ಲೆಂಡಿನ ಗೆಡ್ಡೆ ಬೇಸಿಗೆಯಲ್ಲಿ ಮಲಗುತ್ತದೆ, ಚಳಿ ಮುಗಿಯುವಾಗ ಏಳುತ್ತದೆ. ನಮ್ಮ ಗೆಡ್ಡೆ ನೀರಿಲ್ಲದಿರುವಾಗ ಮಲಗುತ್ತದೆ, ಮಳೆ ಹನಿಗೆ ಏಳುತ್ತದೆ. ಅಂದರೆ ನಮಗೆ ವಸಂತ ಅಂದರೆ ತುಳುವರ ಹೊಸವರ್ಷ ಬಿಸುವಿನಿಂದ ಮಳೆಗಾಲದ ಮುಂಚಿನ ಪತ್ತನಾಜೆ ದಿನದವರೆಗಿನ ಆ ನಲವತ್ತು ದಿನ, ಏಪ್ರಿಲ್ ಮಧ್ಯದಿಂದ ಮೇ ಕೊನೆ. ಪತ್ತನಾಜೆಗೆ ಹತ್ತು ಹನಿ ಮಳೆ ಅಂತ ಹಿರಿಯರು ಹೇಳುತ್ತಾರಲ್ವಾ, ಈ ಗೆಡ್ಡೆಗಳಿಗೂ ಅದು ಗೊತ್ತುಂಟು. ನಿಮ್ಮ ಬಾವಿ ಬತ್ತುವುದು ಇಲ್ಲಿ ಒಂದು ಲಾಭವೇ. ಮಲಗಿದ ಗೆಡ್ಡೆಗೆ ನೀರು ಬೇಡ.

ಬಿಸಿಲಿನ ಭಾಗಕ್ಕೆ ರೈನ್ ಲಿಲ್ಲಿಯಿಂದ ಶುರು ಮಾಡಿ. ಗುಲಾಬಿ, ಹಳದಿ, ಬಿಳಿ ಮೂರೂ ಸಿಗುತ್ತವೆ. ಒಂದು ಜೋರು ಮಳೆ ಬಿದ್ದು ಮೂರು ನಾಲ್ಕು ದಿನಕ್ಕೆ ಹುಲ್ಲಿನಂಥ ಎಲೆಯ ನಡುವಿನಿಂದ ಒಟ್ಟಿಗೆ ಎದ್ದು ಬರುತ್ತವೆ. ಮೂರು ಇಂಚಿಗೊಂದು ನೆಟ್ಟರೆ ಒಂದು ಚದರ ಅಡಿಗೆ 16 ಗೆಡ್ಡೆ ಹಿಡಿಯುತ್ತದೆ. ಅಲ್ಲೊಂದು ಇಲ್ಲೊಂದು ನೆಡಬೇಡಿ, ಕಳೆ ಅಂತ ಕೆಲಸದವರು ಕಿತ್ತು ಬಿಸಾಡುತ್ತಾರೆ. ನಮ್ಮನೆಯಲ್ಲಿ ಎರಡು ಸಲ ಆಗಿದೆ.

ಹಳೇ ಮನೆ, ಕಾರ್ಕಳ

ಅಕ್ಕ, ನೀವು ಆನ್‌ಲೈನಿನಲ್ಲಿ ಹುಡುಕುವುದನ್ನು ಬಿಟ್ಟು ನಿಮ್ಮ ಅಜ್ಜಿ ಮನೆಯ ತುಳಸಿಕಟ್ಟೆಯ ಹಿಂದೆ ನೋಡಿ. ನನಗೆ ಬೇಕಾದ್ದೆಲ್ಲ ಸಿಕ್ಕಿದ್ದು ಅಲ್ಲಿಯೇ.

ಒಂದು, ಕಿತ್ತಳೆ ಕೆಂಪಿನ ದೊಡ್ಡ ಲಿಲ್ಲಿ. ನರ್ಸರಿಯವರು ಅಮರಿಲ್ಲಿಸ್ ಅನ್ನುತ್ತಾರೆ. ನಮ್ಮಲ್ಲಿ ಮಾರ್ಚ್, ಏಪ್ರಿಲಿನಲ್ಲಿ ಬರಿ ನೆಲದಿಂದ ದಂಟು ಎದ್ದು ಎರಡು ಮೂರು ಹೂ ಬಿಡುತ್ತದೆ. ಗೆಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ ಕಾಣಬೇಕು. ಪೂರ್ತಿ ಹೂತರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ದೀಪಾವಳಿ ಕಳೆದ ಮೇಲೆ ನಾನು ಅದಕ್ಕೆ ನೀರು ನಿಲ್ಲಿಸುತ್ತೇನೆ. ಮರೆತು ಹಾಕುತ್ತಾ ಹೋದ ವರ್ಷ ಹೂ ಕಡಿಮೆ.

ಎರಡು, ಫುಟ್‌ಬಾಲ್ ಲಿಲ್ಲಿ. ಕೆಂಪು ಚೆಂಡು. ವರ್ಷಕ್ಕೆ ಒಂದು ಗೆಡ್ಡೆಗೆ ಒಂದೇ ಹೂ, ಅದೂ ಏಪ್ರಿಲ್ ಕೊನೆ, ಮೇಯಲ್ಲಿ ಹತ್ತು ದಿನ. ಆದರೆ ಮೂವತ್ತು ಗೆಡ್ಡೆ ಒಟ್ಟಿಗೆ ಬಿರಿದರೆ ದಾರಿಯಲ್ಲಿ ಹೋಗುವವರು ಗೇಟು ತೆಗೆದು ಒಳಗೆ ಬಂದು ಕೇಳುತ್ತಾರೆ. ಅರೆ ನೆರಳು ಇದಕ್ಕೆ ಇಷ್ಟ, ಹಾಗಾಗಿ ನಿಮ್ಮ ಹಲಸಿನ ಮರದ ಅಂಚು ಸರಿಯಾದ ಜಾಗ. ಬೇರು ಅಲುಗಾಡಿಸಿದರೆ ಮುನಿಸಿಕೊಳ್ಳುತ್ತದೆ. ನಾನು ಜಾಗ ಬದಲಿಸಿದ ವರ್ಷ ಒಂದೂ ಹೂವಿಲ್ಲ.

ಮೂರು, ನೆಲಸಂಪಿಗೆ. ಹೆಸರಿಗೆ ಸಂಪಿಗೆ, ಜಾತಿಯಲ್ಲಿ ಶುಂಠಿ ಅರಿಶಿನದ ನೆಂಟ. ಎಲೆ ಇಲ್ಲದ ಒಣ ನೆಲ ಬಿರಿದು ಬಿಳಿ ನೇರಳೆ ಹೂ ಮಣ್ಣಿಗೆ ಅಂಟಿಕೊಂಡೇ ಅರಳುತ್ತದೆ. ಪರಿಮಳ ಉಂಟು, ಆದರೆ ಅದಕ್ಕೆ ಬಗ್ಗಬೇಕು. ನನ್ನ ಮಂಡಿ ಈಗ ಒಪ್ಪುವುದಿಲ್ಲ, ಹಾಗಾಗಿ ಜಗಲಿಯ ಮೆಟ್ಟಿಲ ಪಕ್ಕ ನೆಟ್ಟಿದ್ದೇನೆ. ಕೂತಲ್ಲಿಂದಲೇ ಮೂಗಿಗೆ ಸಿಗುತ್ತದೆ.

ನರ್ಸರಿ ಬಿಟ್ಟವ, ಮೂಡುಬಿದಿರೆ

ಗಿಡದ ಪಟ್ಟಿ ಆಮೇಲೆ. ಮೊದಲು ನೀರು ಹೋಗುವ ದಾರಿ. ಹದಿನಾಲ್ಕು ವರ್ಷ ನರ್ಸರಿಯಲ್ಲಿ ದುಡಿದ ಮೇಲೆ ಹೇಳುತ್ತಿದ್ದೇನೆ, ನಮ್ಮ ಜಿಲ್ಲೆಯಲ್ಲಿ ಗೆಡ್ಡೆ ಸಾಯುವುದು ಬಿಸಿಲಿಗಲ್ಲ, ಆಟಿ ತಿಂಗಳ (ಜುಲೈ-ಆಗಸ್ಟ್) ನೀರಿಗೆ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ನಾಲ್ಕು ಇಂಚಿನ ಕೆಳಗೆ ಗಟ್ಟಿ ಮುರ ಇದ್ದರೆ ನೀವು ತೋಡಿದ ಗುಂಡಿ ಎಂದರೆ ಒಂದು ಬಾಣಲೆ. ನೀರು ನಿಲ್ಲುತ್ತದೆ, ಗೆಡ್ಡೆ ಬೇಯುತ್ತದೆ.

ಆದ್ದರಿಂದ ಅಗೆಯಬೇಡಿ, ಏರಿಸಿ. ಪಾಗಾರದಿಂದ ಮೂರಡಿ ಬಿಟ್ಟು ಒಂದು ಸಾಲು ಕೆಂಪುಕಲ್ಲು ಇಡಿ. ಕಲ್ಲಿನ ನಡುವೆ ಬೆರಳು ಹೋಗುವಷ್ಟು ಸಂದು ಬಿಡಿ, ಸಿಮೆಂಟ್ ಹಾಕಬೇಡಿ. ಒಳಗೆ ಮುಕ್ಕಾಲು ಅಡಿ ಮಣ್ಣು ತುಂಬಿಸಿ. ನಿಮ್ಮ ಅಳತೆಗೆ ಸುಮಾರು 90 ಘನ ಅಡಿ ಬೇಕಾಗುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹೊಯಿಗೆ (ಮರಳು), ಒಂದು ಪಾಲು ಹಳೇ ಹಟ್ಟಿಗೊಬ್ಬರ. ಹೊಯಿಗೆ ಹೊಳೆಯದ್ದಾಗಬೇಕು, ಸಮುದ್ರದ್ದು ಉಪ್ಪು. ಗೊಬ್ಬರ ಪೂರ್ತಿ ಹುಡಿಯಾಗಿರಬೇಕು, ಹಸಿ ಸಗಣಿ ಗೆಡ್ಡೆಗೆ ತಾಗಿದರೆ ಅಲ್ಲಿಂದಲೇ ಕೊಳೆ ಶುರು. ಪಾತಿ ಪಾಗಾರದ ಕಡೆ ಎತ್ತರ, ಅಂಗಳದ ಕಡೆ ತಗ್ಗು ಇರಲಿ, ನೀರು ಮುಂದಕ್ಕೆ ಹರಿಯಬೇಕು.

ಹೆಂಚಿನ ಮನೆ ಅಂದಿರಿ. ಮಾಡಿನ (ಸೂರಿನ) ನೀರು ಬೀಳುವ ಗೆರೆ ಪಾತಿಯ ಮೇಲೆ ಬರುತ್ತದಾ ಅಂತ ನೋಡಿ. ಬಂದರೆ ಆ ಗೆರೆಯಲ್ಲಿ ಸ್ಪೈಡರ್ ಲಿಲ್ಲಿ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಅದು ಮಾತ್ರ ಎಷ್ಟು ಪೆಟ್ಟು ತಿಂದರೂ ಏಳುತ್ತದೆ.

ಇನ್ನು ಪಾಗಾರಕ್ಕೆ ಸಿಮೆಂಟ್ ಗಾರೆ ಮಾಡಿದ್ದೀರಾ? ಹಾಗಿದ್ದರೆ ಗೋಡೆಗೆ ತಾಗಿ ಕೇಪುಳ (ಇಕ್ಸೋರಾ) ನೆಡಬೇಡಿ. ಕೇಪುಳಕ್ಕೆ ನಮ್ಮ ಹುಳಿ ಮುರಮಣ್ಣೇ ಇಷ್ಟ. ಗಾರೆಯಿಂದ ಸುಣ್ಣ ಇಳಿದು ಬುಡಕ್ಕೆ ಹೋದರೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ಜನ ಗೊಬ್ಬರ ಸಾಲದು ಅಂತ ಇನ್ನೂ ಬೂದಿ ಸುರಿಯುತ್ತಾರೆ. ಬೂದಿಯೂ ಸುಣ್ಣದ ಗುಣದ್ದೇ! ಒಂದೂವರೆ ಅಡಿ ದೂರ ನೆಟ್ಟರೆ ತೊಂದರೆ ಇಲ್ಲ. ಬೂದಿ ಇದ್ದರೆ ಲಿಲ್ಲಿಗಳಿಗೆ ಒಂದೊಂದು ಚಿಟಿಕೆ ಹಾಕಿ, ಅವು ಬೇಡ ಅನ್ನುವುದಿಲ್ಲ.

ಡೇರೆ ಹುಚ್ಚಿ, ಸಂತೆಕಟ್ಟೆ

ನಾನು ಸಾಗರದ ಕಡೆಯವಳು, ಮದುವೆಯಾಗಿ ಉಡುಪಿಗೆ ಬಂದವಳು. ನಮ್ಮೂರಿನಲ್ಲಿ ಮಳೆಗಾಲ ಅಂದರೆ ಡೇರೆ (ಡೇಲಿಯಾ) ಹೂ. ಮೇಯಲ್ಲಿ ಗೆಡ್ಡೆ ಮೊಳಕೆ ಒಡೆಯುತ್ತದೆ, ಶ್ರಾವಣಕ್ಕೆ ಅಂಗಳ ತುಂಬ ತಟ್ಟೆಯಷ್ಟು ದೊಡ್ಡ ಹೂ. ಯಾರ ಮನೆಯಲ್ಲಿ ಯಾವ ಬಣ್ಣ ಅಂತ ಹೆಂಗಸರಿಗೆ ಬಾಯಿಪಾಠ. ಒಂದು ಗೆಡ್ಡೆ ಕೇಳಿ ಕೊಡದಿದ್ದವರ ಮೇಲೆ ಹತ್ತು ವರ್ಷ ಸಿಟ್ಟು ಇಟ್ಟುಕೊಂಡವರನ್ನೂ ನೋಡಿದ್ದೇನೆ.

ಅದೇ ಗೆಡ್ಡೆ ಇಲ್ಲಿಗೆ ತಂದು ಜೂನಿನಲ್ಲಿ ನೆಟ್ಟೆ. ಮೂರು ವರ್ಷ ಕೊಳೆಯಿತು. ಘಟ್ಟದ ಮೇಲೆ ಮಳೆ ಇದ್ದರೂ ತಂಪು ಇರುತ್ತದೆ. ಇಲ್ಲಿ ಮಳೆ ಜೊತೆ ಸೆಕೆ. ಅತ್ತು ಅತ್ತು ಸಾಕಾಗಿ ನಾಲ್ಕನೇ ವರ್ಷ ಗೆಡ್ಡೆಯನ್ನು ಒಣ ಹೊಯಿಗೆಯಲ್ಲಿ ಮಳೆಗಾಲ ಕಳೆಯುವವರೆಗೆ ಅಟ್ಟದ ಮೇಲಿಟ್ಟೆ. ಅರ್ಧ ಸುಕ್ಕಿ ಹೋಯಿತು, ಅರ್ಧ ಉಳಿಯಿತು. ಉಳಿದದ್ದನ್ನು ಸೆಪ್ಟೆಂಬರ್ ಕೊನೆಗೆ ನೆಟ್ಟೆ. ಡಿಸೆಂಬರ್, ಜನವರಿಯಲ್ಲಿ ಹೂ ಬಂತು. ತಟ್ಟೆಯಷ್ಟಿಲ್ಲ, ಚಹಾದ ಬಸಿಯಷ್ಟು. ನನಗೆ ಅಷ್ಟು ಸಾಕು. ಆದರೆ ನಿಮ್ಮ ಪಾತಿಗೆ ಇದು ಬೇಡ ಅಂತಲೇ ಹೇಳುತ್ತೇನೆ, ಇದು ಪ್ರೀತಿ ಇದ್ದವರು ಚಟ್ಟಿಯಲ್ಲಿ ಮಾಡುವ ಕೆಲಸ.

ಸುಗಂಧರಾಜವೂ ಹಾಗೇ. ಬಯಲುಸೀಮೆಯವರು ಹೇಳುವ ತಿಂಗಳಿನಲ್ಲಿ ನೆಟ್ಟರೆ ಕದಿರು ಬರುವುದು ಸರಿಯಾಗಿ ಆಟಿಗೆ, ಮೊಗ್ಗು ಕಂದು ಬಣ್ಣವಾಗಿ ಜೋತು ಬೀಳುತ್ತದೆ. ನಾನು ನವರಾತ್ರಿ ಕಳೆದ ಮೇಲೆ ನೆಡುತ್ತೇನೆ. ಒಂದೇ ಸುತ್ತು ದಳದ್ದು ತಗೊಳ್ಳಿ, ಪರಿಮಳ ಜಾಸ್ತಿ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಜ್ವಲ್ ತಳಿ ನನ್ನಲ್ಲಿದೆ, ಮೊಗ್ಗಿಗೆ ಸ್ವಲ್ಪ ಗುಲಾಬಿ ಛಾಯೆ. ಚೆನ್ನಾಗಿ ಬರುತ್ತಿದೆ.

ಮರಳು ಮನೆ, ಮಲ್ಪೆ

ಕಡಲ ಬದಿಯವರಿಗೆ ಒಂದು ಮಾತು. ಮೇಲಿನವರು ನೀರು ನಿಲ್ಲುತ್ತದೆ ಅನ್ನುತ್ತಾರೆ, ನಮ್ಮಲ್ಲಿ ನೀರು ನಿಲ್ಲುವುದೇ ಇಲ್ಲ, ಗೊಬ್ಬರವೂ ನಿಲ್ಲುವುದಿಲ್ಲ. ಮೇಲಿಂದ ಉಪ್ಪು ಗಾಳಿ. ಅಮರಿಲ್ಲಿಸ್ ಎಲೆ ತುದಿ ಸುಟ್ಟಂತಾಯಿತು. ನಿಂತದ್ದು ಕ್ರೈನಂ, ಅದೇ ಬಿಳಿ ಹೂವಿನ ದೊಡ್ಡ ಎಲೆಯ ಕಡಲ ಲಿಲ್ಲಿ, ಮತ್ತೆ ನಿತ್ಯಪುಷ್ಪ. ಎರಡೂ ಯಾರೂ ನೋಡದಿದ್ದರೂ ಬದುಕುತ್ತವೆ. ಕ್ರೈನಂಗೆ ಜಾಗ ಬೇಕು, ಮೂರಡಿ ಪಾತಿಯಲ್ಲಿ ಒಂದೇ ಸಾಕು, ಎರಡು ನೆಟ್ಟರೆ ಗೇಟಿಗೆ ದಾರಿ ಇರುವುದಿಲ್ಲ.

ಪಾಗಾರದ ಬದಿ, ಬಿಜೈ

ಅಬ್ಬಾ, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಗಾರೆ ಪಾಗಾರವೇ, ಒಳ್ಳೆದಾಯ್ತು ಹೇಳಿದ್ದು. ಮಾಡಿನ ನೀರು ಕೊನೆಯ ನಾಲ್ಕು ಅಡಿಗೆ ಬೀಳುತ್ತದೆ.

ಈಗ ಜೋಡಣೆಯ ವಿಷಯ. ಮಾರ್ಚಿನಿಂದ ಮೇವರೆಗೆ ಹೂ ಸರಿ. ಅದು ಮುಗಿದು ಎಲೆ ಮಾತ್ರ ಇರುವಾಗ, ಆಮೇಲೆ ಎಲೆಯೂ ಹೋದಾಗ ಪಾತಿ ಬೋಳು ಕಾಣುವುದಿಲ್ವಾ? ಎರಡನೇದು, ಅತ್ತೆಗೆ ದಿನಾ ಪೂಜೆಗೆ ಹೂ ಬೇಕು. ಬೆಳಗ್ಗೆ ಆರಕ್ಕೆ ಬುಟ್ಟಿ ಹಿಡಿದು ಹೊರಟರೆ ನನ್ನ ಪಾತಿ ಏಳಕ್ಕೆ ಖಾಲಿ. ಮೂರನೇದು, ನಮ್ಮಲ್ಲಿ ನಾಯಿ ಇದೆ, ಅಗೆಯುವ ಚಟ.

ಮುರಕಲ್ಲು, ಮಣಿಪಾಲ

ಅತ್ತೆಯವರ ಸಮಸ್ಯೆಗೆ ಪರಿಹಾರ ಪಾತಿಯೊಳಗೇ ಇದೆ. ಹಿಂದಿನ ಸಾಲು ಅವರಿಗೆ, ಮುಂದಿನ ಸಾಲು ನಿಮಗೆ. ಹಿಂದೆ ಗಿಡ್ಡ ಜಾತಿಯ ಕೇಪುಳ, ನಡುವೆ ಗೋರಟೆ, ಅಬ್ಬಲಿಗೆ (ಕನಕಾಂಬರ). ಅಬ್ಬಲಿಗೆ ದಿನಾ ಕೊಯ್ದಷ್ಟೂ ಕದಿರು ಬಿಡುತ್ತದೆ. ಗೋರಟೆ ಮಳೆ ಮುಗಿದ ಮೇಲೆ ಹೂವಾಗಿ ಡಿಸೆಂಬರ್ ದಾಟಿಸುತ್ತದೆ. ಲಿಲ್ಲಿಗಳನ್ನು ಸಾಧಾರಣ ಯಾರೂ ಪೂಜೆಗೆ ಕೊಯ್ಯುವುದಿಲ್ಲ, ಅದು ನಿಮ್ಮ ಅದೃಷ್ಟ.

ಬೋಳಾಗುವ ವಿಷಯ. ನಾನು ಮೊದಲ ಎರಡು ವರ್ಷ ಗೆಡ್ಡೆಗಳಿಗೆ ಬೇರೆ ಪಾತಿ, ಗಿಡಗಳಿಗೆ ಬೇರೆ ಪಾತಿ ಮಾಡಿದ್ದೆ. ಗೆಡ್ಡೆ ಪಾತಿ ಡಿಸೆಂಬರಿನಿಂದ ಏಪ್ರಿಲ್ ತನಕ ಸ್ಮಶಾನದ ಹಾಗೆ ಇರುತ್ತಿತ್ತು. ಈಗ ಜೋಡಿ ಜೋಡಿಯಾಗಿ ನೆಡುತ್ತೇನೆ, ಒಂದು ಮಲಗುವಾಗ ಇನ್ನೊಂದು ಎದ್ದಿರಬೇಕು. ನನಗೆ ತುಂಬ ಹಿಡಿಸಿದ ಜೋಡಿ ಹಳದಿ ರೈನ್ ಲಿಲ್ಲಿ ಮತ್ತು ನೆಲದಲ್ಲಿ ಹರಡುವ ಆ ನೇರಳೆ ಎಲೆಯ ಗಿಡ. ಪರ್ಪಲ್ ಹಾರ್ಟ್ ಅಂತ ನರ್ಸರಿಯಲ್ಲಿ ಕೇಳಿ. ಬೇಸಿಗೆಯಲ್ಲಿ ಗೆಡ್ಡೆ ಮಲಗಿದ್ದಾಗ ನೇರಳೆ ಎಲೆ ನೆಲ ಮುಚ್ಚಿರುತ್ತದೆ, ನೀರೂ ಹೆಚ್ಚು ಕೇಳುವುದಿಲ್ಲ. ಮೇ ಮಳೆ ಬಿದ್ದ ನಾಲ್ಕನೇ ದಿನ ಆ ನೇರಳೆಯ ನಡುವಿನಿಂದ ಹಳದಿ ಬಟ್ಟಲು ಎದ್ದು ಬರುವುದನ್ನು ನೋಡಬೇಕು ನೀವು! ವರ್ಷಕ್ಕೊಮ್ಮೆ, ಏಪ್ರಿಲ್ ಮೊದಲ ವಾರ, ನೇರಳೆ ಗಿಡವನ್ನು ಗಿಡ್ಡ ಕತ್ತರಿಸಿ. ಇಲ್ಲದಿದ್ದರೆ ಗೆಡ್ಡೆಯನ್ನು ಉಸಿರುಗಟ್ಟಿಸುತ್ತದೆ.

ಗುಲಾಬಿ ರೈನ್ ಲಿಲ್ಲಿಯ ಹಿಂದೆ ಬಿಳಿ ಪೆಂಟಾಸ್ ಇದೆ ನಮ್ಮಲ್ಲಿ. ಅದಕ್ಕೆ ಚಿಟ್ಟೆ ಬರುತ್ತದೆ, ಎರಡು ಮೂರು ವರ್ಷ ಚೆಂದ ಇರುತ್ತದೆ, ಆಮೇಲೆ ಬುಡ ಕಟ್ಟಿಗೆಯಾಗಿ ಹೂ ಕಡಿಮೆ. ತುಂಡು ಕತ್ತರಿಸಿ ಹೊಸತು ಮಾಡಿಕೊಳ್ಳಬೇಕು. ಅಮರಿಲ್ಲಿಸ್ ಸುತ್ತ ಅಬ್ಬಲಿಗೆ ಒಳ್ಳೆದು, ಎರಡರದ್ದೂ ಕಿತ್ತಳೆ ಬಣ್ಣ ಹತ್ತಿರ ಹತ್ತಿರ ಬರುತ್ತದೆ. ಜಗಳ ಆಡುತ್ತದೇನೋ ಅಂದುಕೊಂಡಿದ್ದೆ, ಇಲ್ಲ.

ಬಣ್ಣದ ಬಗ್ಗೆ ಇನ್ನೊಂದು. ಇಂಗ್ಲೆಂಡಿನ ಚಿತ್ರ ನೋಡಿ ನೀಲಿ, ತಿಳಿ ನೇರಳೆ ಹೂ ಆರಿಸಬೇಡಿ. ಜುಲೈಯಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲೆ ಕವಿಯುತ್ತದೆ ನಮ್ಮಲ್ಲಿ, ಸುತ್ತ ಎಲ್ಲ ಕಡು ಹಸಿರು. ಆ ಮಬ್ಬಿನಲ್ಲಿ ನೀಲಿ ಕಾಣುವುದೇ ಇಲ್ಲ. ಬಿಳಿ, ಕೆಂಪು, ಹಳದಿ ಮಾತ್ರ ಜಗಲಿಯಿಂದ ಕಣ್ಣಿಗೆ ಸಿಗುತ್ತದೆ. ನಮ್ಮ ಹಿರಿಯರು ಮನೆ ಮುಂದೆ ಕೇಪುಳ, ದಾಸವಾಳ ಇಟ್ಟದ್ದು ಸುಮ್ನೆ ಅಲ್ಲ ಅನ್ನಿಸುತ್ತದೆ ನನಗೆ.

ಹಲಸಿನ ಅಡಿಗೆ ಬಣ್ಣದ ಕೆಸು, ಅಂದರೆ ಕಲೇಡಿಯಂ. ಬಿಳಿ ಎಲೆಯದ್ದು ತಗೊಳ್ಳಿ. ಅದೂ ಗೆಡ್ಡೆಯೇ, ಮಳೆಗೆ ಏಳುತ್ತದೆ. ಫುಟ್‌ಬಾಲ್ ಲಿಲ್ಲಿ ಹೂ ಮುಗಿಸುವಾಗ ಕೆಸು ಎಲೆ ಬಿಡಿಸಿ ಆ ಜಾಗವನ್ನು ಬೆಳಕು ಮಾಡುತ್ತದೆ. ಹಲಸಿನ ಎಲೆ ದಿನಾ ಬೀಳುತ್ತದಲ್ವಾ, ಗುಡಿಸಬೇಡಿ. ಬೇಸಿಗೆಯಲ್ಲಿ ಅಲ್ಲೇ ಮುಚ್ಚಿಗೆಯಾಗಲಿ, ಜೂನ್ ಬರುವಾಗ ಗೆಡ್ಡೆಯ ಕುತ್ತಿಗೆಯಿಂದ ಸರಿಸಿದರೆ ಆಯಿತು.

ಹಳೇ ಮನೆ, ಕಾರ್ಕಳ

ನಾಯಿ ಇದ್ದರೆ ಜಾಗ್ರತೆ ಅಕ್ಕ. ಅಮರಿಲ್ಲಿಸ್, ಸ್ಪೈಡರ್ ಲಿಲ್ಲಿ, ಫುಟ್‌ಬಾಲ್ ಲಿಲ್ಲಿ, ರೈನ್ ಲಿಲ್ಲಿ ಎಲ್ಲದರ ಗೆಡ್ಡೆಯೂ ವಿಷದ್ದು. ಕಚ್ಚಿದರೆ ವಾಂತಿ ಭೇದಿ ಖಂಡಿತ. ನೆಟ್ಟ ಮೇಲೆ ಮೇಲಿಂದ ಕೋಳಿ ಬಲೆ ಹಾಸಿ ಮಣ್ಣು ಮುಚ್ಚಿ, ಚಿಗುರು ತೂತಿನಿಂದ ಬರುತ್ತದೆ, ನಾಯಿಗೆ ಅಗೆಯಲು ಆಗುವುದಿಲ್ಲ. ಮಿಕ್ಕಿದ ಗೆಡ್ಡೆಯನ್ನು ಅಡುಗೆಮನೆಯ ಹತ್ತಿರ ಇಡಲೇಬೇಡಿ, ಥೇಟ್ ನೀರುಳ್ಳಿಯೇ! ಯಾರಾದರೂ ಬೇಲಿಗೆ ಅಗ್ನಿಶಿಖೆ ಹಬ್ಬಿಸಿ ಅಂದರೆ, ಚೆಂದ ಹೌದು, ಮಳೆಗಾಲದಲ್ಲಿ ಅದಕ್ಕಿಂತ ಚೆಂದದ ಬಳ್ಳಿ ಇಲ್ಲ. ಆದರೆ ಅದು ವಾಂತಿಗೆ ನಿಲ್ಲುವ ವಿಷ ಅಲ್ಲ, ಜೀವ ತೆಗೆಯುತ್ತದೆ. ಸಣ್ಣ ಮಕ್ಕಳು, ನಾಯಿ ಇರುವ ಮನೆಗೆ ಬೇಡ.

ಮತ್ತೆ ಹುಳ. ಮಳೆ ಶುರುವಾಗಿ ಸ್ವಲ್ಪ ದಿನಕ್ಕೆ ಲಿಲ್ಲಿ ಎಲೆಯ ಮೇಲೆ ಕಪ್ಪು ಮೈಗೆ ಬಿಳಿ ಚುಕ್ಕೆ, ಕೆಂಪು ಚುಕ್ಕೆ ಇರುವ ಹುಳ ಕಂಡರೆ ಅದೇ ದಿನ ಹಿಡಿಯಿರಿ. ನಾಳೆ ಅಂದರೆ ಎಲೆ ಇರುವುದಿಲ್ಲ. ನಾನು ಬೆಳಗ್ಗೆ ಹಳೇ ಇಕ್ಕುಳ ಹಿಡಿದು ಒಂದೊಂದೇ ತೆಗೆದು ಸಾಬೂನು ನೀರಿಗೆ ಹಾಕುತ್ತೇನೆ. ಬೇವಿನೆಣ್ಣೆ ಲೀಟರಿಗೆ 5 ಮಿಲಿ, ಸ್ವಲ್ಪ ಸಾಬೂನು ಸೇರಿಸಿ ಹೊಡೆಯಬಹುದು, ಆದರೆ ನಮ್ಮ ಮಳೆಗೆ ಅದು ಅರ್ಧ ಗಂಟೆ ನಿಂತರೆ ಪುಣ್ಯ. ಕೈಯೇ ಒಳ್ಳೆದು. ಎಲೆ ಹೋದರೆ ಬರುವ ವರ್ಷದ ಹೂವೂ ಹೋಯಿತು ಅಂತ ಲೆಕ್ಕ, ಗೆಡ್ಡೆ ಊಟ ಮಾಡುವುದು ಎಲೆಯಿಂದಲೇ ಅಲ್ವಾ. ಅದೇ ಕಾರಣಕ್ಕೆ ಹೂ ಮುಗಿದ ಮೇಲೆ ಹಸಿರು ಎಲೆ ಕತ್ತರಿಸಬೇಡಿ. ನಮ್ಮ ಮಾವ ನೀಟಾಗಿ ಕಾಣಲಿ ಅಂತ ಎಲ್ಲದಕ್ಕೂ ಗಂಟು ಹಾಕುತ್ತಿದ್ದರು. ಅದೂ ಬೇಡ.

ಡೇರೆ ಹುಚ್ಚಿ, ಸಂತೆಕಟ್ಟೆ

ನವಿಲಿನ ಮಾತು ಯಾರೂ ಎತ್ತಲಿಲ್ಲ! ನಮ್ಮಲ್ಲಿ ಹೊಸ ಮಣ್ಣು ಹಾಕಿದ ಮರುದಿನವೇ ಹಾಜರು. ಕೆದಕಿ, ಧೂಳು ಸ್ನಾನ ಮಾಡಿ, ಚಿಗುರು ತಿಂದು ಹೋಗುತ್ತವೆ. ಕೋಳಿ ಬಲೆಯ ಉಪಾಯ ಅವಕ್ಕೂ ಆಗುತ್ತದೆ. ನಾನು ಮೇಲಿಂದ ಒಣ ತೆಂಗಿನ ಗರಿ ಹಾಸುತ್ತೇನೆ, ಚಿಗುರು ಗಟ್ಟಿಯಾಗುವವರೆಗೆ.

ನರ್ಸರಿ ಬಿಟ್ಟವ, ಮೂಡುಬಿದಿರೆ

ಟ್ಯುಲಿಪ್ ಆಸೆ ಇನ್ನೂ ಹೋಗಿಲ್ಲ ಅಂತ ಕಾಣುತ್ತದೆ, ಹಾಗಾಗಿ ಒಂದು ಹೇಳುತ್ತೇನೆ. ಸಿಯಾಮ್ ಟ್ಯುಲಿಪ್ ಅಂತ ಕೇಳಿ. ಟ್ಯುಲಿಪ್ಪಿಗೂ ಅದಕ್ಕೂ ಸಂಬಂಧ ಏನೂ ಇಲ್ಲ, ಅರಿಶಿನದ ಜಾತಿ, ಥಾಯ್ಲೆಂಡ್ ಕಡೆಯದ್ದು. ಆದರೆ ಉದ್ದ ದಂಟಿನ ತುದಿಯಲ್ಲಿ ಗುಲಾಬಿ ಬಟ್ಟಲು ದೂರದಿಂದ ಹಾಗೇ ಕಾಣುತ್ತದೆ. ಮೇಯಲ್ಲಿ ಮೊಳಕೆ, ಜುಲೈಯಿಂದ ಸೆಪ್ಟೆಂಬರ್ ಹೂ, ನವೆಂಬರಿಗೆ ಮಲಗುತ್ತದೆ. ನಮ್ಮ ಗುಡ್ಡೆಗಳಲ್ಲಿ ಕಾಡರಿಶಿನ ಮೊದಲ ಮಳೆಗೆ ಏಳುವುದನ್ನು ನೋಡಿದ್ದೀರಲ್ಲ, ಅದೇ ಸ್ವಭಾವ. ನೆಡುವಾಗ ಗೆಡ್ಡೆಗೆ ಜೋತು ಬಿದ್ದ ಸಣ್ಣ ಸಣ್ಣ ಉಂಡೆ ಬೇರು ಮುರಿಯಬೇಡಿ, ಅದರಲ್ಲೇ ಅದರ ಬುತ್ತಿ ಇರುವುದು.

ಮಾಡಿನ ನೀರು ಬೀಳುವ ನಾಲ್ಕು ಅಡಿ ಇದೆ ಅಂದಿರಿ. ಅಲ್ಲಿ ಸ್ಪೈಡರ್ ಲಿಲ್ಲಿಯ ಹಿಂದೆ ಸುರುಳಿ ಸುಗಂಧಿ ಕೂರಿಸಿ. ಒದ್ದೆ ಅದಕ್ಕೆ ಇಷ್ಟ, ಮಳೆ ಕಡಿಮೆಯಾಗುವಾಗ ಬಿಳಿ ಹೂ, ಸಂಜೆ ಜಗಲಿ ತುಂಬ ಪರಿಮಳ.

ಯಾರಾದರೂ ನೆಲ ಬೇಗ ಮುಚ್ಚುತ್ತದೆ ಅಂತ ಹಳದಿ ಸೇವಂತಿಗೆಯಂಥ ಪುಟ್ಟ ಹೂವಿನ ವೆಡೀಲಿಯಾ ಕೊಟ್ಟರೆ ತಗೊಳ್ಳಬೇಡಿ. ನಾನೇ ಎಷ್ಟೋ ಮನೆಗೆ ಮಾರಿದ್ದೇನೆ, ಈಗ ಬೇಸರ ಆಗುತ್ತದೆ. ತುಂಡು ಬಿದ್ದಲ್ಲೆಲ್ಲ ಬೇರು ಬಿಡುತ್ತದೆ, ಲಿಲ್ಲಿ ಗಿಲ್ಲಿ ಎಲ್ಲ ನುಂಗಿ ತೋಡಿನವರೆಗೆ ಹೋಗುತ್ತದೆ.

ಜನವರಿ 26ರ ಸುಮಾರಿಗೆ ಕದ್ರಿ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನ ಆಗುತ್ತದೆ. ಹೋಗಿ, ನೋಡಿ, ಖುಷಿ ಪಡಿ. ಆದರೆ ಅಲ್ಲಿ ಕಣ್ಣು ಕುಕ್ಕುವ ಪೆಟೂನಿಯಾ, ಸಾಲ್ವಿಯಾ ತಂದು ಪಾತಿ ತುಂಬಿಸಬೇಡಿ. ಅವು ಬಿಸಿಲು ಏರುವಾಗ ಹೋಗುವ ಅತಿಥಿಗಳು. ಅಲ್ಲಿನ ಮಳಿಗೆಗಳಲ್ಲಿ ಮೂಲೆಯಲ್ಲಿ ಪೇಪರಿನಲ್ಲಿ ಸುತ್ತಿಟ್ಟ ಗೆಡ್ಡೆ ಕಂಡರೆ ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇರಬೇಕು, ಬುಡದ ತಟ್ಟೆ ಒಣಗಿರಬೇಕು, ಮೆತ್ತಗಿದ್ದರೆ ಬಿಟ್ಟುಬಿಡಿ.

ಚಟ್ಟಿ ಇಟ್ಟರೆ ಅಡಿಗೆ ತಟ್ಟೆ ಇಡಬೇಡಿ. ಮಂಗಳೂರಿನಲ್ಲಿ ಮಲೇರಿಯಾದ ಕತೆ ನಿಮಗೆ ನಾನು ಹೇಳಬೇಕಾಗಿಲ್ಲ.

ಪಾಗಾರದ ಬದಿ, ಬಿಜೈ

ಎಲ್ಲ ಓದಿ ಹಳೇ ಕ್ಯಾಲೆಂಡರಿನ ಹಿಂದೆ ಚಿತ್ರ ಬರೆದೆ. ಗೇಟಿನ ಪಕ್ಕ ಅಮರಿಲ್ಲಿಸ್ 12, ಒಂದಡಿಗೊಂದು, ಸುತ್ತ ಅಬ್ಬಲಿಗೆ. ಆಮೇಲೆ ಎರಡು ಕಡೆ ನೇರಳೆ ಎಲೆ, ಅದರ ನಡುವೆ ಹಳದಿ ರೈನ್ ಲಿಲ್ಲಿ. ನಡುವೆ ಸಿಯಾಮ್ ಟ್ಯುಲಿಪ್ ಒಂದು ಗುಂಪು, ಅದು ಮಲಗುವಾಗ ಹಿಂದಿನ ಗೋರಟೆ ಹೂವಿಗೆ ಬರುತ್ತದೆ. ಕೇಪುಳ ಪಾಗಾರದಿಂದ ಒಂದೂವರೆ ಅಡಿ ಮುಂದೆ. ಹಲಸಿನ ಅಡಿಗೆ ಫುಟ್‌ಬಾಲ್ ಲಿಲ್ಲಿ, ಬಿಳಿ ಕೆಸು, ಜಗಲಿ ಮೆಟ್ಟಿಲ ಹತ್ತಿರ ನೆಲಸಂಪಿಗೆ. ಕೊನೆಯ ನಾಲ್ಕಡಿ ಸ್ಪೈಡರ್ ಲಿಲ್ಲಿ, ಸುರುಳಿ ಸುಗಂಧಿ. ಹೆಚ್ಚಾಯ್ತಾ?

ಮುರಕಲ್ಲು, ಮಣಿಪಾಲ

ಜಾತಿ ಹೆಚ್ಚಾಯ್ತು, ಆದರೆ ಮೊದಲ ವರ್ಷ ಎಲ್ಲರೂ ಹಾಗೇ ಮಾಡುತ್ತಾರೆ. ಎರಡು ಸಾಯುತ್ತವೆ, ಪಾತಿ ತಾನೇ ಸರಿಯಾಗುತ್ತದೆ. ಗೋರಟೆಯನ್ನು ಮಾತ್ರ ಹೂ ಮುಗಿದ ಕೂಡಲೇ ಕತ್ತರಿಸಿ, ಇಲ್ಲದಿದ್ದರೆ ಸಿಯಾಮ್ ಟ್ಯುಲಿಪ್ಪಿಗೆ ಬೆಳಕು ಸಿಗುವುದಿಲ್ಲ.

ಹಳೇ ಮನೆ, ಕಾರ್ಕಳ

ಫುಟ್‌ಬಾಲ್ ಲಿಲ್ಲಿ ದುಡ್ಡು ಕೊಟ್ಟು ತಗೊಳ್ಳಬೇಡಿ ಅಕ್ಕ. ಡಿಸೆಂಬರಿನಲ್ಲಿ ಎಲೆ ಹಳದಿಯಾದ ಮೇಲೆ ಬನ್ನಿ, ಹತ್ತು ಗೆಡ್ಡೆ ತೆಗೆದಿಡುತ್ತೇನೆ. ಬರುವಾಗ ನಿಮ್ಮ ಅತ್ತೆಯವರನ್ನೂ ಕರಕೊಂಡು ಬನ್ನಿ, ಅವರ ನೀರುಳ್ಳಿ ಮಾತು ಕೇಳಿ ನಮ್ಮನೆಯಲ್ಲಿ ಎಲ್ಲರೂ ನಗುತ್ತಿದ್ದಾರೆ.

ಪಾಗಾರದ ಬದಿ, ಬಿಜೈ

ಅತ್ತೆಗೆ ಓದಿ ಹೇಳಿದೆ. ಬರುತ್ತಾರಂತೆ. ಆದರೆ ಕೇಪುಳದ ಪಕ್ಕ ಎರಡು ಗೆರೆ ಹರಿವೆ ಹಾಕಲಿಕ್ಕೆ ಜಾಗ ಬಿಡಬೇಕಂತೆ.